ಮಂಜಿನಾಗ ಬೂದಿ ಬಣ್ಣ ಆದ ದೇವಣಿ ಎತ್ತು

ಡಿಸೆಂಬರ್‌ನಲ್ಲಿ ಮೂರು ದಿನ ನಸುಕಿನಲ್ಲೇ ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದ ಹಿನ್ನೀರಿನ ದಂಡೆಗೆ ಎತ್ತಿನ ಫೋಟೊ ತೆಗೆಯಲು ಹೋದೆ. ಫೋಟೊ ಎಲ್ಲಾ ಬೂದಿ ಬಳಿದಂಗೆ. ದೇವಣಿ ತಳಿಯ ಬಿಳಿ ಎತ್ತು ಮಾಸಿದ ಧೋತರದಂತೆ. ಮಂಜಿನ ಬಿಳುಪನ್ನು ಕ್ಯಾಮೆರಾ ಅತಿ ಬೆಳಕೆಂದು ತಿಳಿದು ಚಿತ್ರವನ್ನು ಮಂಕಾಗಿಸುತ್ತದೆ. ಚಿತ್ರದ ಬೆಳಕು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ +1ಕ್ಕೆ ಏರಿಸಿದೆ, ಬಿಳುಪು ಮರಳಿತು.

ತಲೆ ತಿಂದದ್ದು ಫೋಕಸ್. ಮಂಜಿನಲ್ಲಿ ಹಿಡಿಯಲು ಗೆರೆಯೇ ಸಿಗದೆ ಲೆನ್ಸ್ ಹಿಂದೆ ಮುಂದೆ ಗುರ್‌ಗುಟ್ಟುತ್ತಿತ್ತು. ದೇವಣಿಯಲ್ಲಿ ವನ್ನೇರಾ ಎಂಬ ಬಗೆಗೆ ಮೈ ಬಿಳಿ, ಮುಖದ ಸ್ವಲ್ಪ ಭಾಗ ಕಪ್ಪು. ಒಂದೇ ಫೋಕಸ್ ಬಿಂದು ಇಟ್ಟು, ಆ ಕಪ್ಪು ಬಿಳುಪು ಸೇರುವ ಕೆನ್ನೆಯಂಚಿಗೆ ಹಿಡಿದೆ. ತಟ್ಟನೆ ಕೂತಿತು. ಎದುರು ಬಿಸಿಲಿಗೆ ಎತ್ತಿನ ಉಸಿರೂ ಹೊಳೆಯಿತು.

ದನ ಹೊಡೆಯುತ್ತಿದ್ದ ಕಾಕಾ ಕೇಳಿದರು: "ತಮ್ಮಾ, ದಿನಾ ಅದರ ಮಾರಿನೇ ನೋಡ್ತಿ, ಕೊಳ್ಳಾಂವ ಇದ್ದಿ ಏನ?"