ಕಿಟಕಿ ಗಾಜಿಗೆ ಹಕ್ಕಿ ಬಡಿಯದಂತೆ ಮಾಡುವುದು ಹೇಗೆ

ಮರಗಿಡಗಳಿದ್ದ ಕಡೆ ಗಾಜಿನ ಕಟ್ಟಡ ಎದ್ದಾಗ ಹಕ್ಕಿಗೆ ಗಾಜು ಕಾಣುವುದಿಲ್ಲ, ಅದರಲ್ಲಿ ಬಿದ್ದ ಆಕಾಶ, ಕೊಂಬೆಗಳ ಬಿಂಬವಷ್ಟೇ ಕಾಣುತ್ತದೆ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊರಗೆ ನಿಂತು ಯಾವ ಗಾಜಿನಲ್ಲಿ ಬಿಂಬ ನಿಚ್ಚಳವಾಗಿದೆ ನೋಡಿ. ರೆಕ್ಕೆಯ ಅಚ್ಚಿನಂತೆ ಬೂದು ಪುಡಿ ಮೆತ್ತಿದ್ದರೆ ಅಲ್ಲಿಂದಲೇ ಶುರು ಮಾಡಿ.

ಬಿಳಿ ಚುಕ್ಕೆಗಳನ್ನು ಗಾಜಿನ ಹೊರಮೈಗೇ ಅಂಟಿಸಬೇಕು. ಒಳಗಡೆ ಅಂಟಿಸಿದರೆ ಬಿಂಬ ಅವನ್ನು ಮುಚ್ಚಿಬಿಡುತ್ತದೆ. ಚುಕ್ಕೆ ಕನಿಷ್ಠ 6 ಮಿ.ಮೀ. ಅಗಲವಿರಲಿ, ಅಡ್ಡಕ್ಕೂ ಉದ್ದಕ್ಕೂ 5 ಸೆಂ.ಮೀ.ಗಿಂತ ಹೆಚ್ಚು ಅಂತರ ಬೇಡ. ಸಂದು ದೊಡ್ಡದಾದರೆ ಸಣ್ಣ ಹಕ್ಕಿಗಳು ಅದರಲ್ಲೇ ತೂರಲು ನೋಡುತ್ತವೆ. ನಡುವೆ ಒಂದೇ ಒಂದು ಗಿಡುಗದ ಚಿತ್ರ ಅಂಟಿಸಿ ಸುಮ್ಮನಾಗುವವರೇ ಹೆಚ್ಚು. ಅದು ದಂಡ: ಹಕ್ಕಿ ಆ ಚಿತ್ರವನ್ನಷ್ಟೇ ತಪ್ಪಿಸಿಕೊಂಡು ಪಕ್ಕದ ಗಾಜಿಗೆ ಬಡಿಯುತ್ತದೆ.

ಕಾಳಿನ ತಟ್ಟೆ ಗಾಜಿನಿಂದ 1 ಮೀಟರ್ ಒಳಗಿರಲಿ. ಅಷ್ಟು ಹತ್ತಿರದಿಂದ ಹಾರಿದರೆ ವೇಗ ಹಿಡಿದಿರುವುದಿಲ್ಲ.

ಹಕ್ಕಿ ಬಡಿದು ಬಿದ್ದಿದ್ದರೆ ಗಾಳಿತೂತಿರುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಕೊಕ್ಕಿಗೆ ನೀರು ಬಿಡಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು. ಒಂದೆರಡು ಗಂಟೆಯಾದರೂ ಹಾರದಿದ್ದರೆ ವನ್ಯಜೀವಿ ವೈದ್ಯರಿಗೆ ಒಪ್ಪಿಸಿ.