ಹಲಸಿನ ಬೀಜ ಹಿಡಿದು ಅಂಗನವಾಡಿಗೆ

ಕೊಡಗಿನ ಗೋಣಿಕೊಪ್ಪ ಕಡೆಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಸ್ವಿಟ್ಜರ್ಲೆಂಡ್‌ನ ಜೀನ್ ಪಿಯಾಜೆ ಹೇಳಿದ ಹಂತಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆಯುತ್ತಾರೆ. ನನಗೆ ಅಷ್ಟು ಸಾಲದು. ಪಾಠ ಮುಗಿದ ಕೂಡಲೇ ಅವರನ್ನು ಕಾಫಿ ತೋಟದ ಲೈನ್ ಮನೆಗಳ, ಅಂದರೆ ಕಾರ್ಮಿಕರ ಸಾಲು ಮನೆಗಳ, ಪಕ್ಕದ ಅಂಗನವಾಡಿಗೆ ಕರೆದೊಯ್ಯುತ್ತೇನೆ. ಟೀಚರ್ ಹತ್ತಿರ ಮೊದಲೇ ಮಾತಾಡಿ, ತಾಯಂದಿರ ಒಪ್ಪಿಗೆ ಪಡೆದಿರುತ್ತೇನೆ.

ಬೇಕಾಗುವುದು ಒಂದು ಚಾಪೆ, ಒಂದಿಷ್ಟು ಹಲಸಿನ ಬೀಜ. ಕಾಫಿ ಬೀಜ ಕೈಗೆ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಮಕ್ಕಳು ಮೂಗಿಗೆ ಹಾಕಿಕೊಂಡರೆ ಕಷ್ಟ ಅಲ್ವಾ?

ಆರಾರು ಬೀಜಗಳ ಎರಡು ಸಾಲು ಎದುರುಬದುರು ಜೋಡಿಸುತ್ತೇವೆ. ‘ಎರಡರಲ್ಲೂ ಒಂದೇ ಸಮ ಇದೆಯಾ?’ ಅಂದರೆ ನಾಲ್ಕು ವರ್ಷದ ಮಗು ಹೂಂ ಅನ್ನುತ್ತದೆ. ಅದರ ಕಣ್ಣೆದುರೇ ಒಂದು ಸಾಲಿನ ಬೀಜಗಳನ್ನು ದೂರ ದೂರ ಇಟ್ಟು ಮತ್ತೆ ಅದನ್ನೇ ಕೇಳುತ್ತೇವೆ. ಹೆಚ್ಚಿನ ಮಕ್ಕಳು ಉದ್ದದ ಸಾಲು ತೋರಿಸುತ್ತಾರೆ. ಒಬ್ಬಳು ಪುಟ್ಟಿ ಬೆರಳಿಟ್ಟು ಎರಡೂ ಸಾಲು ಎಣಿಸಿದಳು. ಇಲ್ಲೂ ಆರು, ಅಲ್ಲೂ ಆರು. ಆದರೂ ‘ಇದ್ರಲ್ಲೇ ಜಾಸ್ತಿ ಅಕ್ಕ’ ಅಂತ ಉದ್ದದ ಸಾಲಿನ ಮೇಲೆ ಅಂಗೈ ಊರಿದಳು.

‘ಮೇಡಂ, ಎಣಿಸಿದಳಲ್ಲ!’ ಅಂತ ನನ್ನ ವಿದ್ಯಾರ್ಥಿನಿಗೆ ಆಶ್ಚರ್ಯ. ಪಿಯಾಜೆ ಪ್ರಕಾರ 2ರಿಂದ 7 ವರ್ಷದ ಹಂತದಲ್ಲಿ ಮಗು ಕಣ್ಣಿಗೆ ಎದ್ದು ಕಾಣುವ ಒಂದೇ ಅಂಶಕ್ಕೆ ಅಂಟಿಕೊಳ್ಳುತ್ತದೆ. ಹರಡಿದ್ದನ್ನು ಮತ್ತೆ ಕೂಡಿಸಿದರೆ ಮೊದಲಿನಂತೆಯೇ ಆಗುತ್ತದೆ ಅನ್ನುವುದು ಅದಕ್ಕಿನ್ನೂ ಹೊಳೆದಿರುವುದಿಲ್ಲ. ಕಂಡದ್ದನ್ನೇ ತಟ್ಟನೆ ಹೇಳದೆ ತಡೆದು ಯೋಚಿಸಲು ಹಣೆಯ ಹಿಂದಿರುವ ಮಿದುಳಿನ ಭಾಗ, ಅಂದರೆ ಪ್ರೀಫ್ರಂಟಲ್ ಕಾರ್ಟೆಕ್ಸ್, ತುಂಬಾ ಮುಖ್ಯ. ಅದು 25ರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಇದನ್ನು ಕೇಳಿದ ಹದಿನೆಂಟರ ಹುಡುಗರು ತಮ್ಮ ಬಗ್ಗೆಯೇ ಪ್ರಶ್ನೆ ಶುರು ಮಾಡುತ್ತಾರೆ.

ಇಷ್ಟಕ್ಕೇ ನಿಲ್ಲಿಸಿದರೆ ಮಕ್ಕಳಿಗೆ ಅನ್ಯಾಯ. 1970ರ ದಶಕದಲ್ಲಿ ಸ್ಕಾಟ್ಲೆಂಡ್‌ನಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದೇ ಪರೀಕ್ಷೆಯಲ್ಲಿ ಒಂದು ತುಂಟ ಕರಡಿ ಬೊಂಬೆ ತಂದರು. ಸಾಲು ಕೆಡಿಸಿದ್ದು ದೊಡ್ಡವರಲ್ಲ, ಬೊಂಬೆ. ಆಗ ‘ಎರಡೂ ಸಮ’ ಅಂದ ಮಕ್ಕಳು ಎಷ್ಟೋ ಜಾಸ್ತಿ. ದೊಡ್ಡವರು ಬೇಕೆಂತಲೇ ಏನೋ ಬದಲಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ, ಮೊದಲಿನ ಉತ್ತರ ತಪ್ಪಿರಬೇಕು ಅಂತ ಮಗು ಅಂದುಕೊಳ್ಳಬಹುದಲ್ವಾ? ನಾವು ಬಟ್ಟೆಯ ಕೋತಿ ಒಯ್ಯುತ್ತೇವೆ. ಕೋತಿ ಚೀಲದಿಂದ ಹಾರಿ ಸಾಲು ಚೆಲ್ಲಾಪಿಲ್ಲಿ ಮಾಡಿದಾಗ ಮಕ್ಕಳು ಅದನ್ನು ಗದರುತ್ತಾರೆ. ಎಣಿಸಿದ ಆ ಪುಟ್ಟಿಯೂ ಬೇರೆ ದಿನ ಕೋತಿಗೆ ಬೈದು, ‘ಅಷ್ಟೇ ಇದೆ’ ಅಂದಳು.

ಭಾಷೆಯದ್ದೂ ದೊಡ್ಡ ವಿಷಯ. ಲೈನ್ ಮನೆಗಳ ಎಷ್ಟೋ ಮಕ್ಕಳದ್ದು ಮನೆಯಲ್ಲಿ ಎರವ ಅನ್ನುವ ಆದಿವಾಸಿ ಸಮುದಾಯದ ಭಾಷೆ. ಎರವ ಮನೆಯ ವಿದ್ಯಾರ್ಥಿನಿ ಅದೇ ಭಾಷೆಯಲ್ಲಿ ಕೇಳಿದಾಗ, ಕನ್ನಡದ ಪ್ರಶ್ನೆಗೆ ಸುಮ್ನೆ ತಲೆಯಾಡಿಸುತ್ತಿದ್ದ ಹುಡುಗ ಬಾಯಿಬಿಟ್ಟು ಕಾರಣ ಹೇಳಿದ.

‘ಮೇಡಂ, ನಮ್ಮ ಮಗು ತಪ್ಪು ಹೇಳಿತಾ?’ ಅಂತ ತಾಯಂದಿರು ಆತಂಕದಿಂದ ಕೇಳುತ್ತಾರೆ. ಇದು ಬುದ್ಧಿ ಅಳೆಯುವುದಲ್ಲ, ಆ ವಯಸ್ಸಿಗೆ ಆ ಉತ್ತರ ಸಹಜ ಅಂತ ಕೂತು ವಿವರಿಸುತ್ತೇನೆ. ವಿದ್ಯಾರ್ಥಿಗಳ ಪುಸ್ತಕದಲ್ಲಿ ಸರಿ, ತಪ್ಪು ಅಂತ ಬರೆಯಲು ಬಿಡುವುದಿಲ್ಲ. ಮಗು ಹೇಳಿದ್ದನ್ನು ಹಾಗೇ ಬರೆಯಬೇಕು. ಪಕ್ಕದಲ್ಲೇ ಯಾರು ಕೇಳಿದರು, ಯಾವ ಭಾಷೆಯಲ್ಲಿ ಕೇಳಿದರು, ಬೀಜ ಸರಿಸಿದ್ದು ಕೈಯೋ ಕೋತಿಯೋ ಅನ್ನುವುದೂ ಇರಬೇಕು.