ತೀರಿಹೋದವರ ಹೆಸರಲ್ಲೇ ಉಳಿದ ಹೊಲ: ಬೆಂಗಳೂರಿನಲ್ಲಿದ್ದು ಪೌತಿ ಖಾತೆ, ಪಾಲು, ಹದ್ದುಬಸ್ತು ಮಾಡಿಸುವ ಬಗೆ

ಊರಲ್ಲಿ ಎರಡು ಮೂರು ಎಕರೆ ಇದೆ, ಪಹಣಿ (ಆರ್‌ಟಿಸಿ, ಜಮೀನಿನ ಕಂದಾಯ ದಾಖಲೆ) ಮಾತ್ರ ತೀರಿಹೋದ ತಂದೆಯ ಹೆಸರಲ್ಲೋ ತಾತನ ಹೆಸರಲ್ಲೋ ನಿಂತಿದೆ. ಬೆಂಗಳೂರಿನಲ್ಲಿ ನೆಲೆಸಿದ ಬಹಳ ಮನೆಗಳ ಪರಿಸ್ಥಿತಿ ಇದು. ಸಾವಾದ ವರ್ಷ ಯಾರೂ ವಿಷಯ ಎತ್ತುವುದಿಲ್ಲ. ಎತ್ತುವ ಹೊತ್ತಿಗೆ ರಸ್ತೆಗೆ ಜಮೀನು ಹೋಗುವ ನೋಟಿಸೋ, ಬೆಳೆ ಪರಿಹಾರದ ಪಟ್ಟಿಯೋ ಬಂದು ನಿಂತಿರುತ್ತದೆ. ಇಲ್ಲಿ ಹೇಳುವುದರ ತಿರುಳು ಇಷ್ಟು: ಯಾರಿಗೆಷ್ಟು ಪಾಲು ಎಂಬ ಮಾತು ಮುಗಿಯಲಿ ಅಂತ ಕಾಯಬೇಡಿ. ಮೊದಲು ಎಲ್ಲ ವಾರಸುದಾರರ ಹೆಸರನ್ನೂ ಜಂಟಿಯಾಗಿ ಪಹಣಿಗೆ ಹತ್ತಿಸಿ (ಇದೇ ಪೌತಿ ಖಾತೆ), ಪಾಲು ಆಮೇಲೆ. ಭೂ ಕಂದಾಯ ಕಾಯ್ದೆ 1964ರ 128ನೇ ಕಲಂ ಹಕ್ಕು ಬಂದ 3 ತಿಂಗಳೊಳಗೆ ವರದಿ ಮಾಡಿ ಅನ್ನುತ್ತದೆ. ತಡವಾಯಿತು ಅಂತ ಹಕ್ಕೇನೂ ಹೋಗುವುದಿಲ್ಲ; ಆದರೆ ಒಂದು ತಲೆಮಾರು ದಾಟಿದರೆ ನಾಲ್ಕು ಸಹಿಯ ಕೆಲಸ ಇಪ್ಪತ್ತು ಸಹಿಯ ಕೆಲಸವಾಗುತ್ತದೆ.

ಪಹಣಿ ಓದುವುದು

ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ (ಸರ್ವೆ ನಂಬರಿನ ಉಪಭಾಗ) ಕೊಟ್ಟರೆ ಪಹಣಿ ಮನೆಯಲ್ಲೇ ಸಿಗುತ್ತದೆ. ಕಾಲಂ 3ರಲ್ಲಿ ವಿಸ್ತೀರ್ಣ ಎಕರೆ-ಗುಂಟೆ-ಆಣೆ ಲೆಕ್ಕದಲ್ಲಿರುತ್ತದೆ. 2.10 ಅಂದರೆ ಎರಡು ಎಕರೆ ಹತ್ತು ಗುಂಟೆ, ಅಂದರೆ ಎರಡೂಕಾಲು ಎಕರೆ. ಎಕ್ಸೆಲ್‌ನಲ್ಲಿ ಅದನ್ನು ದಶಮಾಂಶ ಅಂದುಕೊಂಡು ಪಾಲು ಹಾಕಿ ಜಗಳಕ್ಕೆ ಬಿದ್ದವರಿದ್ದಾರೆ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ.

ಅದೇ ಕಾಲಮ್ಮಿನಲ್ಲಿ ಖರಾಬು, ಅಂದರೆ ಸಾಗುವಳಿಗೆ ಸೇರದ ನೆಲ, ಕಳೆದಿರುತ್ತಾರೆ. 'ಅ' ಖರಾಬು ಸಾಗುವಳಿಗೆ ಬಾರದ ನಿಮ್ಮದೇ ನೆಲ. 'ಬ' ಖರಾಬು ಹಳ್ಳ, ಬಂಡಿದಾರಿ, ಕಾಲುದಾರಿಯಂಥ ಸಾರ್ವಜನಿಕ ಜಾಗ. ಅದನ್ನು ಪಾಲಿಗೆ ಸೇರಿಸಬೇಡಿ. ಕಾಲಂ 9ರಲ್ಲಿ ಖಾತೆದಾರರು, 10ರಲ್ಲಿ ಅವರಿಗೆ ಅದು ಬಂದ ಬಗೆ ಮತ್ತು ಎಂ.ಆರ್. (ಮ್ಯುಟೇಷನ್, ಅಂದರೆ ಖಾತೆ ಬದಲಾವಣೆಯ ರಿಜಿಸ್ಟರ್) ನಂಬರು, 11ರಲ್ಲಿ ಸಾಲ ಮತ್ತಿತರ ಋಣಗಳು, 12ರಲ್ಲಿ ಸಾಗುವಳಿ ಮತ್ತು ಬೆಳೆ. ಹೆಚ್ಚಿನವರು 9 ನೋಡಿ ಕೈಬಿಡುತ್ತಾರೆ. ನೋಡಬೇಕಾದ್ದು 10 ಮತ್ತು 11. ಎಂದೋ ತೀರಿಸಿದ ಸೊಸೈಟಿ ಸಾಲ 11ರಲ್ಲಿ ಹಾಗೇ ಕೂತಿದ್ದರೆ ಸೊಸೈಟಿಯಿಂದ ಋಣಮುಕ್ತ ಪತ್ರ ತಂದು ಮೊದಲೇ ತೆಗೆಸಿ. ಇನ್ನು 10ರಲ್ಲಿರುವ ಎಂ.ಆರ್. ನಂಬರು ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ಮ್ಯುಟೇಷನ್ನಿನ ದೃಢೀಕೃತ ನಕಲು ತೆಗೆಸಿ. ಜಮೀನು ತಂದೆ ಕೊಂಡದ್ದೋ, ತಾತನಿಂದ ಬಂದದ್ದೋ, ಸರ್ಕಾರ ಮಂಜೂರು ಮಾಡಿದ್ದೋ ಗೊತ್ತಾಗುವುದು ಅಲ್ಲಿಂದ, ಪಾಲಿನ ಲೆಕ್ಕ ನಿಲ್ಲುವುದೂ ಅದರ ಮೇಲೆಯೇ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅನ್ವಯಿಸುತ್ತದೆ; ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ.

ಪೌತಿಗೆ ಬೇಕಾದ ಕಾಗದ

ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲ ವಾರಸುದಾರರ ಆಧಾರ್, ಜೊತೆಗೊಂದು ಅಫಿಡವಿಟ್. ಅರ್ಜಿ ಹೋಬಳಿಯ ನಾಡಕಚೇರಿಯಲ್ಲಿ. ಕೇಳಲು ಸುಲಭ, ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಪಹಣಿಯಲ್ಲಿ 'ರಾಮಯ್ಯ ಬಿನ್ ಪುಟ್ಟಯ್ಯ', ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಬರೆಸಿದ ಮರಣ ಪತ್ರದಲ್ಲಿ 'ಪಿ. ರಾಮಣ್ಣ', ಆಧಾರಿನಲ್ಲಿ 'ರಾಮಣ್ಣ ಪಿ'. ಮೂವರೂ ಒಬ್ಬರೇ ಅಂತ ಊರಿಗೇ ಗೊತ್ತು, ಫೈಲಿಗೆ ಗೊತ್ತಿಲ್ಲ. ಈ ಹೆಸರುಗಳೆಲ್ಲ ಒಬ್ಬರದೇ ಎಂಬ ನೋಟರಿ ಅಫಿಡವಿಟ್ಟಿಗೆ ಶಾಲೆಯ ಟಿ.ಸಿ.ಯೋ ಹಳೆಯ ಕ್ರಯಪತ್ರವೋ ಪಡಿತರ ಚೀಟಿಯೋ ಜೋಡಿಸಿ, ಅರ್ಜಿಯ ಜೊತೆಯಲ್ಲೇ ಕೊಡಿ. ಆಕ್ಷೇಪ ಬರಲಿ ಅಂತ ಕಾಯಬೇಡಿ. ತಾತನ ಸಾವು ನೋಂದಣಿಯೇ ಆಗಿಲ್ಲದಿದ್ದರೆ ಆ ಕೆಲಸ ಮೊದಲು. ಒಂದು ವರ್ಷ ದಾಟಿದ ಮರಣವನ್ನು ಅಧಿಕಾರವುಳ್ಳವರ ಆದೇಶವಿಲ್ಲದೆ ನೋಂದಾಯಿಸುವುದಿಲ್ಲ, ಹಾಗಾಗಿ ಅದಕ್ಕೇ ಹೆಚ್ಚು ಸಮಯ ಇಟ್ಟುಕೊಳ್ಳಿ.

ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಡುವುದು ಹಳೆಯ ಚಾಳಿ. ಬಿಡಬೇಡಿ. ಗ್ರಾಮ ಆಡಳಿತ ಅಧಿಕಾರಿ (ಊರವರ ಬಾಯಲ್ಲಿ ಇನ್ನೂ ವಿ.ಎ., ಹಿರಿಯರ ಬಾಯಲ್ಲಿ ಶಾನುಭೋಗರು) ಊರಲ್ಲಿ ಮಹಜರು ಮಾಡಿ ವರದಿ ಹಾಕುತ್ತಾರೆ. ಅಲ್ಲಿ ಒಂದು ಹೆಸರು ತಪ್ಪಿಸಿದರೂ ಮುಂದಿನ ಕ್ರಯಕ್ಕೂ ಬ್ಯಾಂಕಿಗೂ ಅದು ಬಾಧಿಸುತ್ತದೆ. ತೀರಿದವರ ತಾಯಿ ಬದುಕಿದ್ದರೆ ಅಜ್ಜಿಯೂ ವಾರಸುದಾರರು. ಇದನ್ನು ಮರೆಯುವವರೇ ಹೆಚ್ಚು. ಮೊದಲೇ ತೀರಿಕೊಂಡ ಅಣ್ಣನ ಹೆಂಡತಿ ಮಕ್ಕಳೂ ಬರುತ್ತಾರೆ.

ಅರ್ಜಿ ಹೋದ ಮೇಲೆ ನಮೂನೆ 21ರ ನೋಟಿಸು ಹೊರಡುತ್ತದೆ. ತಕರಾರು ಬರದಿದ್ದರೆ ಖಾತೆ ಬದಲಾಗುತ್ತದೆ. ಬಂದರೆ ಅದು ತಹಶೀಲ್ದಾರರ ಮುಂದೆ ಪ್ರಕರಣವಾಗುತ್ತದೆ. ಅಲ್ಲಿನ ಆದೇಶ ಒಪ್ಪಿಗೆಯಾಗದಿದ್ದರೆ ಭೂ ಕಂದಾಯ ಕಾಯ್ದೆಯ 136(2)ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಆಮೇಲೆ 136(3)ರಡಿ ಜಿಲ್ಲಾಧಿಕಾರಿಗೆ. ಮಾಲೀಕತ್ವವೇ ವಿವಾದವಾದರೆ ಸಿವಿಲ್ ಕೋರ್ಟು. ಪಹಣಿ ಕಂದಾಯದ ದಾಖಲೆ, ಅದೊಂದೇ ಹಕ್ಕನ್ನು ಹುಟ್ಟಿಸುವುದಿಲ್ಲ.

ಬೆಂಗಳೂರಿನಿಂದ ಹೋಗುವವರಿಗೆ ಒಂದು ಮಾತು: ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ಕಚೇರಿ ಇಲ್ಲ. ಉಳಿದ ಶನಿವಾರವೂ ನೆಚ್ಚಬೇಡಿ. ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುವ ಮುಂಚೆ ವಿ.ಎ. ಅವರಿಗೆ ಫೋನ್ ಮಾಡಿ ಅವರು ಯಾವ ಊರಿನಲ್ಲಿರುತ್ತಾರೆ ಕೇಳಿ. ಒಬ್ಬೊಬ್ಬರ ಕೈಯಲ್ಲಿ ಹಲವು ಹಳ್ಳಿಗಳಿರುತ್ತವೆ.

ಪಾಲಿನ ಲೆಕ್ಕ

ಖರಾಬು ಕಳೆದು 3 ಎಕರೆ 12 ಗುಂಟೆ ಉಳಿದಿದೆ ಅನ್ನಿ, ಅಂದರೆ 132 ಗುಂಟೆ. ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಂದೆ ಸ್ವಂತ ದುಡ್ಡಲ್ಲಿ ಕೊಂಡದ್ದಾಗಿದ್ದು ವಿಲ್ ಬರೆದಿಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 8ನೇ ಕಲಂ ಪ್ರಕಾರ ನಾಲ್ವರಿಗೂ ಸಮ, ತಲಾ 33 ಗುಂಟೆ. ಪಿತ್ರಾರ್ಜಿತವಾದರೆ ಲೆಕ್ಕ ಬೇರೆ. ಹಳೇ ಮೈಸೂರು ಭಾಗದಲ್ಲಿ ಮೊದಲು ತಂದೆ ಮತ್ತು ಮೂವರು ಮಕ್ಕಳ ನಡುವೆ ನಾಲ್ಕು ಭಾಗ, ಆಮೇಲೆ ತಂದೆಯ ಭಾಗವನ್ನು ತಾಯಿ ಮತ್ತು ಮಕ್ಕಳಿಗೆ ನಾಲ್ಕಾಗಿ. ತಾಯಿಗೆ 8 ಗುಂಟೆ 4 ಆಣೆ, ಮಕ್ಕಳಿಗೆ ತಲಾ 1 ಎಕರೆ 1 ಗುಂಟೆ 4 ಆಣೆ. ಹಳೆಯ ಮುಂಬೈ ಪ್ರಾಂತ್ಯದ ಜಿಲ್ಲೆಗಳಲ್ಲಿ ತಾಯಿಯ ಪಾಲು ಇನ್ನೊಂದು ಬಗೆ ಆಗಬಹುದು, ಅಲ್ಲಿಯ ವಕೀಲರನ್ನು ಕೇಳಿ.

ಮಗಳ ಪಾಲಿನ ಬಗ್ಗೆ ಅನುಮಾನ ಬೇಡ. 9-9-2005ರ ತಿದ್ದುಪಡಿ ಅವಳನ್ನು ಹುಟ್ಟಿನಿಂದಲೇ ಸಮಪಾಲುದಾರಳಾಗಿಸಿತು; ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. 20-12-2004ಕ್ಕೆ ಮುಂಚೆ ನೋಂದಾಯಿತವಾಗಿಯೋ ಕೋರ್ಟಿನ ಡಿಕ್ರಿಯಿಂದಲೋ ಮುಗಿದ ವಿಭಾಗವನ್ನು ಮಾತ್ರ ಕಾಯ್ದೆ ಕೆದಕುವುದಿಲ್ಲ. ಈ ಹಗ್ಗಜಗ್ಗಾಟ ನಮ್ಮಲ್ಲಷ್ಟೇ ಇಲ್ಲ. ಇಂಡೋನೇಷ್ಯಾದ ಉತ್ತರ ಸುಮಾತ್ರದ ಬಾಟಕ್ ಜನಾಂಗದ ಹಳ್ಳಿಗಳಲ್ಲಿ ಕುಲವೂ ಭೂಮಿಯೂ ತಂದೆಯಿಂದ ಮಗನಿಗೆ ಇಳಿಯುವುದು ವಾಡಿಕೆ. ಅಲ್ಲಿನ ಸುಪ್ರೀಂ ಕೋರ್ಟು 1961ರಲ್ಲೇ ಕಾರೋ ಬಾಟಕ್ ಕುಟುಂಬವೊಂದರ ಪ್ರಕರಣದಲ್ಲಿ ಮಗಳಿಗೂ ಹಕ್ಕಿದೆ ಅಂದಿತು. ತೀರ್ಪು ಬಂದಷ್ಟು ಬೇಗ ವಾಡಿಕೆ ಬದಲಾಗದು, ಅಲ್ಲೂ ಇಲ್ಲೂ.

ತಂಗಿ ಮನಸಾರೆ 'ನನಗೆ ಬೇಡ' ಅಂದರೂ ಛಾಪಾ ಕಾಗದದ ಮೇಲೆ ಬರೆಸಿಕೊಂಡ ಸಹಿ ಸಾಲದು. ಹಕ್ಕು ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು. ಹಬ್ಬಕ್ಕೆ ಬಂದಾಗ ಅಡುಗೆಮನೆ ಬಾಗಿಲಲ್ಲಿ ಪೆನ್ನು ಕೊಟ್ಟು ಹಾಕಿಸಿಕೊಂಡ ಸಹಿಗಳೇ ಮುಂದೆ ಪಾಲು ದಾವೆಗಳಾಗುವುದು. ಅಪ್ರಾಪ್ತ ಮಕ್ಕಳ ಪಾಲಿದ್ದರೆ ಅದನ್ನು ಮಾರಲು ಕೋರ್ಟಿನ ಅನುಮತಿ ಬೇಕು.

ನಕ್ಷೆ, ನೋಂದಣಿ, ಕಲ್ಲು

ಸರ್ವೆ ನಂಬರನ್ನು ತುಂಡು ಮಾಡಿ ಹಂಚುವುದಾದರೆ ನೋಂದಣಿಗೆ ಮುಂಚೆ 11-ಇ ನಕ್ಷೆ (ತುಂಡುಗಳನ್ನು ಅಳೆದು ಗುರುತಿಸಿದ ನಕ್ಷೆ) ಬೇಕು. ಮೋಜಿಣಿ (ಭೂಮಾಪನ) ಅರ್ಜಿ ಹಾಕಿದರೆ ಭೂಮಾಪಕರು ಬಂದು ಅಳೆದು ಕೊಡುತ್ತಾರೆ. ಅಳತೆಗೆ ಮುಂಚೆ ಮೂರು ವಿಷಯ ಮನೆಯಲ್ಲೇ ತೀರ್ಮಾನಿಸಿ: ಬೋರ್‌ವೆಲ್ ಯಾರ ತುಂಡಿಗೆ, ಒಳಗಿನ ತುಂಡಿಗೆ ದಾರಿ ಎಲ್ಲಿಂದ, ಬದುವಿನ ಮರಗಳು ಯಾರಿಗೆ. ರಸ್ತೆಯ ಪಕ್ಕಕ್ಕೆ ಎಲ್ಲರ ಕಣ್ಣಿರುವುದರಿಂದ ತುಂಡುಗಳನ್ನು ಉದ್ದುದ್ದ ಪಟ್ಟಿಯಾಗಿ ಸೀಳುವುದುಂಟು. 33 ಗುಂಟೆಯ ಪಟ್ಟಿ 30 ಅಡಿ ಅಗಲವಾದರೆ ಸುಮಾರು 1,200 ಅಡಿ ಉದ್ದ. ಅದರಲ್ಲಿ ಟ್ರ್ಯಾಕ್ಟರು ತಿರುಗುವುದೇ ಕಷ್ಟ. ರಸ್ತೆ ಬದಿ ಒಬ್ಬರಿಗೆ, ಒಳಗಡೆ ಇನ್ನೊಬ್ಬರಿಗೆ ಕೊಟ್ಟು, ಒಳಗಿನವರಿಗೆ ಒಂದೆರಡು ಗುಂಟೆ ಹೆಚ್ಚು ಹಾಕಿ, 12 ಅಡಿ ಬಂಡಿದಾರಿಯನ್ನು ವಿಭಾಗ ಪತ್ರದಲ್ಲೇ ಬರೆಸುವುದು ವಾಸಿ. ಬಾಯಿಮಾತಿನ ದಾರಿ ಮಾರಾಟವಾದ ದಿನವೇ ಮುಚ್ಚುತ್ತದೆ.

ವಿಭಾಗ ಪತ್ರದ ಮುಂಚೆ ಋಣಭಾರ ಪ್ರಮಾಣಪತ್ರ (ಇ.ಸಿ., ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಾಮಾನ್ಯವಾಗಿ 2004ರಿಂದ ಈಚಿನದು ಸಿಗುತ್ತದೆ. ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಕೇಳಬೇಕು.

ಹೊಲ ನೋಡಿಕೊಳ್ಳುವವರ ವಿಷಯ. ನಮ್ಮ ಭೂ ಸುಧಾರಣಾ ಕಾಯ್ದೆಯ 5ನೇ ಕಲಂ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸುತ್ತದೆ, ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಹಾಗಾಗಿ 'ಗುತ್ತಿಗೆ ಕರಾರು' ಅಂತ ಬರೆಸಿಕೊಂಡ ಕಾಗದ ರಕ್ಷಣೆಯಲ್ಲ, ತಲೆನೋವು. ಬೆಳೆ ಸಮೀಕ್ಷೆಯಲ್ಲಿ ಯಾವ ಬೆಳೆ, ಯಾರ ಸಾಗುವಳಿ ಅಂತ ದಾಖಲಾಗಿದೆ ಎಂದು ಪ್ರತಿ ಹಂಗಾಮಿನಲ್ಲೂ ನೋಡಿ. ಕಂದಾಯದ ರಸೀದಿ ನಿಮ್ಮ ಹೆಸರಲ್ಲೇ ಇರಲಿ.

ಗ್ರಾಮಠಾಣಾದೊಳಗಿನ, ಅಂದರೆ ಊರಿನ ವಾಸದ ಜಾಗದಲ್ಲಿರುವ ಮನೆಗೆ ಪಹಣಿ, ಪೌತಿ, 11-ಇ ನಕ್ಷೆಯ ಈ ಹಾದಿ ಅನ್ವಯಿಸದು. ಅದರ ಖಾತೆ ಗ್ರಾಮ ಪಂಚಾಯಿತಿಯದು, ಪಂಚಾಯಿತಿ ಆಸ್ತಿಗಳ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಎ ಪಡೆಯಬೇಕು.

ಕೊನೆಗೆ ಹದ್ದುಬಸ್ತು, ಅಂದರೆ ಅಳೆಸಿ ಗಡಿಗೆ ಕಲ್ಲು ನೆಡಿಸುವುದು. ಒತ್ತುವರಿ ಅನುಮಾನವಿದ್ದರೆ ಮೊಬೈಲಿನ ದಿಶಾಂಕ್ ಆ್ಯಪ್ ತೆರೆದು ಹೊಲದಲ್ಲಿ ನಿಂತು ನೋಡಬಹುದು, ಆದರೆ ಅದು ಅಂದಾಜು. ಪಕ್ಕದವರ ಜೊತೆ ವಾದಕ್ಕೆ ಸಾಲದು. ಅಳತೆ ನಿಲ್ಲುವುದು ಟಿಪ್ಪಣಿ (ಮೂಲ ಸರ್ವೆಯ ಅಳತೆ ದಾಖಲೆ) ಮತ್ತು ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ) ಮೇಲೆ. ಅರ್ಜಿಯನ್ನು ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಅಳತೆ ಬೀಳುವಂತೆ ಹಾಕಿ. ನಿಂತ ರಾಗಿಯಲ್ಲಿ ಸರಪಳಿ ಎಳೆಯಲಾಗದು, ವಾಪಸ್ ಹೋದ ಭೂಮಾಪಕರು ಮತ್ತೆ ಸಿಗುವುದು ತಡ. ಅಕ್ಕಪಕ್ಕದವರಿಗೆ ನೋಟಿಸು ಹೋಗಿದ್ದರೂ ಹಿಂದಿನ ದಿನ ಮನೆಗೆ ಹೋಗಿ ಬಾಯಲ್ಲೂ ಹೇಳಿ. ಕಲ್ಲು, ಗುಂಡಿ ತೋಡುವ ಆಳು ನಿಮ್ಮ ಖರ್ಚು, ಬೆಳಿಗ್ಗೆಯೇ ತಯಾರಿರಲಿ. ನೆಟ್ಟ ಮೇಲೆ ಮಹಜರಿಗೆ ಅಲ್ಲೇ ಸಹಿ ಹಾಕಿಸಿ, ನಕ್ಷೆಯ ದೃಢೀಕೃತ ನಕಲಿಗೆ ಅಂದೇ ಅರ್ಜಿ ಕೊಟ್ಟು ಬನ್ನಿ.